ಯಾರೂ ಏಳಬಾರದ ದೃಶ್ಯ

"ಏಳ್ಬೇಡಿ ಅಂದ್ರೆ ಏಳ್ಬೇಡಿ. ಇದ್ರಲ್ಲಿ ಅರ್ಥ ಆಗದೇ ಇರೋದು ಏನಿದೆ?" ನಖ್ಲೆ ಕ್ಯಾಮೆರಾದ ಹಿಂದಿನಿಂದ ಕೂಗಿದ.

ಬತ್ರೂನ್ ಪಟ್ಟಣದ ಮೇಲಿನ ಗುಡ್ಡದ ಊರು. ಆಲಿವ್ ಗಾಣದ ಹಳೇ ಕಟ್ಟಡದಲ್ಲಿ ಈಗ ಅವನ ಚಿಕ್ಕಪ್ಪನ ಮಗಳು ಹಿಯಾಮ್ ಬಿಯರ್ ಮಾಡುತ್ತಾಳೆ. ಅಲ್ಲಿನ ಬೆಂಚುಗಳ ಮೇಲೆ ಊರಿನ ಮೂವತ್ತು ಜನ ತುರ್ಮುಸ್ ಕಾಳಿನ ಸಿಪ್ಪೆ ಬಿಡಿಸುತ್ತ, ಬೈಸಿಕೊಂಡ ಮಕ್ಕಳ ಹಾಗೆ ಕೂತಿದ್ದರು.

ನಖ್ಲೆ ಬರೆದ ಟಿವಿ ಧಾರಾವಾಹಿ: ಈ ಊರಿನದೇ ಕಥೆ, ಈ ಊರಿನದೇ ಬಿಯರು, ಆರು ಕಂತು. ಬೈರೂತಿನ ಚಾನೆಲ್‌ನವನು ಕಾಗದ ಮಗುಚಿ ನೋಡಿ, "ಹಳ್ಳಿ ಮಾತು ತೆಗಿ, ಬಿಯರ್ ತೆಗಿ, ಒಂದು ಕೊಲೆ ಹಾಕು. ಎಷ್ಟು ಓದಿದೀಯ?" ಎಂದಿದ್ದ. ಏಳನೇ ಕ್ಲಾಸು ಎಂದಾಗ ನಕ್ಕಿದ್ದ. ನಖ್ಲೆ ಕಾಗದ ಎತ್ತಿಕೊಂಡು ಊರಿಗೆ ಬಂದ. ಮೋಟಾರ್‌ಸೈಕಲ್ ಮಾರಿ ಕ್ಯಾಮೆರಾ ಬಾಡಿಗೆಗೆ ತಂದ. ಹೆಚ್ಚುಕಡಿಮೆ ಆರೂ ಕಂತು ಮುಗಿಸಿದ. ಉಳಿದದ್ದು ಇದೊಂದೇ ದೃಶ್ಯ. ಇದಿಲ್ಲದಿದ್ದರೆ ಕಥೆಗೆ ಕೊನೆಯೇ ಇಲ್ಲ, ಕ್ಯಾಮೆರಾ ನಾಳೆ ಬೆಳಿಗ್ಗೆ ವಾಪಸು ಹೋಗಬೇಕು.

ದೃಶ್ಯ ಇಷ್ಟೆ. ಊರಿನ ನೀರಿನ ಬುಗ್ಗೆಯನ್ನು ಹೊರಗಿನವರಿಗೆ ಮಾರಿ ಓಡಿದವನು ಹತ್ತು ವರ್ಷದ ಮೇಲೆ ಬಾಗಿಲು ತೆಗೆದು ಒಳಗೆ ಬರುತ್ತಾನೆ. ಯಾರೂ ಏಳುವುದಿಲ್ಲ, ಯಾರೂ ಮಾತಾಡಿಸುವುದಿಲ್ಲ.

ಆ ಪಾತ್ರ ಕ್ಷೌರಿಕ ತನ್ನೂಸನದು. ಹತ್ತು ಸಲ ಬಾಗಿಲು ತೆಗೆದ. ಹತ್ತು ಸಲವೂ ಮೂವತ್ತು ಜನ ದಡಬಡ ಎದ್ದು "ಬಾ ಬಾ, ಕೂತ್ಕೋ, ಊಟ ಆಯ್ತಾ?" ಎಂದರು. ಹತ್ತನೇ ಸಲ ಎಂಬತ್ತರ ಉಮ್ ಬುಟ್ರೋಸ್ ಕಾಳಿನ ತಟ್ಟೆಯನ್ನೇ ಅವನ ಕೈಗೆ ಕೊಟ್ಟಳು.

"ದೊಡ್ಡಮ್ಮಾ, ಅವ್ನು ಊರಿಗೆ ದ್ರೋಹ ಮಾಡಿದವ್ನು."

"ಗೊತ್ತು ಮಗಾ. ಹಸಿದಿರ್ತಾನಲ್ಲ, ದಾರಿಯಿಂದ ಬಂದವ್ನು."

"ನಖ್ಲೆ, ಬೈದಿದ್ದು ಸಾಕು," ಹಿಯಾಮ್ ಪೀಪಾಯಿಯನ್ನು ಓರೆ ಮಾಡಿ ನೋಡಿದಳು. ಪ್ರತಿ ಸಲವೂ ನೊರೆ ಹೊಸದಾಗಿರಬೇಕೆಂದು ಗ್ಲಾಸು ತುಂಬಿಸಿದ್ದಳು, ಜನ ಕುಡಿದಿದ್ದರು. "ಇನ್ನೊಂದೇ ಸುತ್ತು ಬರೋದು. ಬೇರೆ ಪೀಪಾಯಿ ಇನ್ನೂ ಹುದುಗ್ತಾ ಇದೆ, ಅದನ್ನ ಮುಟ್ಟಿದ್ರೆ ಕೈ ಮುರೀತೀನಿ."

ಗ್ಲಾಸುಗಳು ತುಂಬಿದವು. ತನ್ನೂಸ್ ಹೊರಗೆ ಹೋದ. ನಖ್ಲೆ ಕ್ಯಾಮೆರಾಕ್ಕೆ ಕಣ್ಣಿಟ್ಟು ಕೈ ಬೀಸಿದ.

ಬಾಗಿಲು ತೆರೆಯಿತು. ಒಳಗೆ ಬಂದವನು ತನ್ನೂಸ್ ಅಲ್ಲ. ಊರಿಗೆಲ್ಲ ಕರೆಂಟ್ ಕೊಡುವ ಜನರೇಟರಿನ ಮಾಲೀಕ ಮಿಲ್ಹೆಮ್. ಉಮ್ ಬುಟ್ರೋಸಳ ಮೊಮ್ಮಗಳ ಮದುವೆಯಲ್ಲಿ, ಹೆಣ್ಣು ಒಳಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ದೀಪ ಆರಿಸಿದವನು.

ಒಬ್ಬರೂ ಏಳಲಿಲ್ಲ. ಕಾಳು ಬಿಡಿಸುತ್ತಿದ್ದ ಬೆರಳುಗಳು ನಿಂತವು. ಮೂವತ್ತು ಮುಖ ಗ್ಲಾಸಿನ ಕಡೆ ಬಾಗಿದವು.

ನಖ್ಲೆ ಕ್ಯಾಮೆರಾ ನಿಲ್ಲಿಸಲಿಲ್ಲ. ಮಿಲ್ಹೆಮನ ಹಿಂದೆ ಇಣುಕಿದ ತನ್ನೂಸನಿಗೆ ಅಲ್ಲೇ ನಿಲ್ಲು ಎಂದು ಕೈ ತೋರಿಸಿದ.

ಮಿಲ್ಹೆಮ್ ಎರಡು ಹೆಜ್ಜೆ ಒಳಗೆ ಬಂದ. ಟೋಪಿ ತೆಗೆದ. ಯಾರಾದರೂ ತಲೆ ಎತ್ತುತ್ತಾರಾ ಎಂದು ಒಂದೊಂದೇ ಬೆಂಚು ನೋಡುತ್ತ ಬಂದ. ತಿರುಗಿ ಹೋಗಲು ಬಾಗಿಲಿಗೆ ಕೈ ಹಾಕಿದ.

ಆಗ ಉಮ್ ಬುಟ್ರೋಸ್, ಅವನ ಕಡೆ ನೋಡದೆಯೇ, ಎದುರಿನ ಕುರ್ಚಿಯನ್ನು ಕಾಲಲ್ಲಿ ಒಂದು ಗೇಣು ಹೊರಗೆ ತಳ್ಳಿದಳು.

ಕಲ್ಲು ನೆಲದ ಮೇಲೆ ಕುರ್ಚಿ ಕರಕರ ಅಂದಿತು. ಅವನು ಕೂತ. ಹಿಯಾಮ್ ಪೀಪಾಯಿಯ ತಳದ್ದನ್ನು ಬಗ್ಗಿಸಿ, ಅರ್ಧ ಗ್ಲಾಸು ನೊರೆಯನ್ನು ಅವನ ಮುಂದಿಟ್ಟಳು.

"ಡೀಸೆಲ್ ಸಿಗ್ತಿಲ್ಲ," ಎಂದ ಮಿಲ್ಹೆಮ್, ಗ್ಲಾಸಿಗೆ ಹೇಳುವಂತೆ. "ನಾನೇನ್ ಮಾಡ್ಲಿ?"

ನಖ್ಲೆಗೆ ಕುಣಿಯಬೇಕು ಅನ್ನಿಸಿತು. ಬುಗ್ಗೆ ಮಾರಿದವನು ಹಾಳಾಗಿ ಹೋಗಲಿ, ಆ ಭಾಗವನ್ನು ಹೊಡೆದುಹಾಕಿದರಾಯಿತು. ತಾನು ಬರೆದದ್ದಕ್ಕಿಂತ ಇದು ನೂರು ಪಾಲು ಮೇಲು. "ಆಯ್ತು," ಎಂದ. ಕ್ಯಾಮೆರಾ ಆರಿಸಿದ.

ಮಿಲ್ಹೆಮ್ ಆಗ ಕ್ಯಾಮೆರಾ ನೋಡಿದ. "ಶೂಟಿಂಗಾ ಇದು?"

"ಹೂಂ ಮಾವ. ತೆಗೆದದ್ದನ್ನ ಇಟ್ಕೊಳ್ಲಾ?"

ಮಿಲ್ಹೆಮ್ ಉಮ್ ಬುಟ್ರೋಸಳ ಕಡೆ ನೋಡಿದ. "ಇಟ್ಕೋ. ಆದ್ರೆ ಈ ಶರ್ಟಲ್ಲಾ? ಒಳ್ಳೇದು ಹಾಕ್ಕೊಂಡ್ ಬರ್ತೀನಿ, ಇನ್ನೊಂದ್ ಸಲ ತೆಗಿ."

"ಈ ಪಾತ್ರಕ್ಕೇಂತ ಹತ್ತು ದಿನದಿಂದ ಗಡ್ಡ ಬಿಟ್ಟಿದೀನಿ ನಾನು," ಬಾಗಿಲಿಂದ ತನ್ನೂಸ್ ಗೊಣಗಿದ. "ಕ್ಷೌರದವ್ನು, ಗಡ್ಡ."

ಕಾಲು ಗಂಟೆಗೆ ಮಿಲ್ಹೆಮ್ ಇಸ್ತ್ರಿ ಶರ್ಟು ತೊಟ್ಟು ಬಂದು, ಮುಖ ಸಪ್ಪಗೆ ಮಾಡಿಕೊಂಡು ಬಾಗಿಲು ತೆರೆದ.

ಮೂವತ್ತು ಜನ ಎದ್ದು ನಿಂತರು. "ಬಾ ಬಾ, ಕೂತ್ಕೋ."