ಹತ್ತುವವರಿಗೆ ದಾರಿ

"ಶೇರಾಘಾಟ್ ಇಳಿದ ಮೇಲೆ ಬೇರೀನಾಗ್‌ಗೆ ಎಷ್ಟು ದೂರ?" ಎಂದು ಪನುಲಿ ಕೇಳಿದಳು.

"ಎರಡೇ ತಿರುವು," ಎಂದ ಖೀಮಾನಂದ, ಪೆನ್ಸಿಲ್ ಎತ್ತದೆ.

"ಈಗಷ್ಟೇ ಅಲ್ಮೋಡಾದಿಂದ ಧೌಲಛೀನಾಕ್ಕೂ ಎರಡೇ ತಿರುವು ಅಂದ್ಯಲ್ಲ?"

"ಹೌದಲ್ಲ. ಅದೂ ಎರಡೇ."

ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಹಾಕಿಕೊಂಡು ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತಿದ್ದರು. ಹಾಳೆಯ ಕೆಳಗಿನ ಅಂಚಿನಲ್ಲಿ, ಚಹಾದ ಲೋಟದ ಪಕ್ಕ, ಅವರಿದ್ದ ಬಯಲಿನ ಊರು ಹಲ್ದ್ವಾನಿ. ಮೇಲಿನ ಅಂಚಿನಲ್ಲಿ ಪನುಲಿಯ ತವರು ಮುನ್ಸ್ಯಾರಿ. ನಡುವೆ ಹಸು ಮೇಯಲು ಹೋದಂತೆ ಅಡ್ಡಾದಿಡ್ಡಿ ಹತ್ತಿ ಇಳಿಯುವ ಗೆರೆ. ಪಕ್ಕದ ಮನೆಯ ಖೀಮಾನಂದ ಪಾಠಕ್ ಆ ಗೆರೆಯ ಮೇಲೆ ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಬೆಟ್ಟದವರ ಬಾಯಲ್ಲಿ ಎರಡು ಮೈಲಿಯೂ ಎರಡೇ ತಿರುವು, ಇಪ್ಪತ್ತು ಮೈಲಿಯೂ ಎರಡೇ ತಿರುವು. ಕೇಳಿದವನ ಎದೆ ಒಡೆಯಬಾರದಲ್ಲ. ಅದು ಪನುಲಿಗೂ ಗೊತ್ತಿತ್ತು, ಅವಳೂ ಬೆಟ್ಟದವಳೇ. ಆದರೆ ಈ ಸಲ ಅವಳಿಗೆ ಸರಿಯಾದ ಲೆಕ್ಕ ಬೇಕಾಗಿತ್ತು. ಖೀಮಾನಂದನ ನಕ್ಷೆಯಲ್ಲೋ ದೇವಸ್ಥಾನಗಳಿಗಿಂತ ಸೌತೆಕಾಯಿ ರಾಯ್ತಾದ ಅಂಗಡಿಗಳೇ ಜಾಸ್ತಿ.

ಮೇಷ ಸಂಕ್ರಾಂತಿಗೆ ಒಂಬತ್ತು ದಿನ ಉಳಿದಿತ್ತು. ಬೆಟ್ಟದವರ ಸೌರ ಲೆಕ್ಕದಲ್ಲಿ ಸಂಕ್ರಾಂತಿ ಬಂದರೆ ಚೈತ್ರ ಮುಗಿಯಿತು, ಚೈತ್ರ ಮುಗಿದರೆ ಆ ವರ್ಷದ ಭಿಟೌಲಿಯೂ ಮುಗಿಯಿತು. ಮದುವೆಯಾಗಿ ಹೋದ ತಂಗಿಯನ್ನು ನೋಡಲು ಅಣ್ಣ ಚೈತ್ರದಲ್ಲಿ ಗಂಟು ಹೊತ್ತು ಬರಬೇಕು. ಅವಳ ಅಣ್ಣ ನೇತ್ರಸಿಂಹ ಮೂವತ್ತೆಂಟು ವರ್ಷ ಒಂದು ಚೈತ್ರವನ್ನೂ ತಪ್ಪಿಸಿರಲಿಲ್ಲ. ಮುನ್ಸ್ಯಾರಿಯಿಂದ ಎರಡು ದಿನ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು, ಹೊಸ್ತಿಲ ಮೇಲೆ ಗಂಟಿಟ್ಟು, "ಭೇಟಿ ಆಯ್ತಲ್ಲ ಪನೂ," ಎನ್ನುತ್ತಿದ್ದ. ಗಂಟಿನಲ್ಲಿ ಒಂದು ಸೀರೆ, ಅತ್ತಿಗೆ ಕರಿದ ಸಿಹಿ ಪುವಾ, ಹೊಲದ್ದೇ ರಾಜ್ಮಾ. ಮಾರನೇ ದಿನವೇ ಹೊರಟುಬಿಡುತ್ತಿದ್ದ, ಕುರಿಗಳನ್ನು ಯಾರೂ ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದು ಗೊಣಗುತ್ತಾ.

ಜನವರಿಯಲ್ಲಿ ಅಂಗಳದ ಹಿಮದ ಮೇಲೆ ಜಾರಿ ಅವನ ಸೊಂಟದ ಮೂಳೆ ಮುರಿಯಿತು. ಫೋನಿನಲ್ಲಿ, "ಈ ವರ್ಷ ಆಗಲ್ಲ ಪನೂ. ಮುಂದಿನ ಚೈತ್ರಕ್ಕೆ ನೋಡೋಣ," ಎಂದಿದ್ದ. ಎಪ್ಪತ್ತನಾಲ್ಕು ದಾಟಿದವನು ಮುಂದಿನ ಚೈತ್ರ ಎಂದರೆ ಏನರ್ಥ ಎಂದು ಪನುಲಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಫೋನಿಟ್ಟು ಅವಳು ಗೋಡೆಗೆ ಮುಖಮಾಡಿ ಅತ್ತಳು.

ಹಾಗಾದರೆ ಅವಳೇ ಹೋಗಬಹುದಿತ್ತಲ್ಲ? ಬೆಟ್ಟದಲ್ಲಿ ಹುಟ್ಟಿದ ಪನುಲಿಗೆ ಬೆಟ್ಟದ ರಸ್ತೆ ಆಗುತ್ತಿರಲಿಲ್ಲ, ಅದೇ ತಮಾಷೆ. ಕಾಠಗೋದಾಮ್ ದಾಟಿ ರಾಣಿಬಾಗ್‌ನ ಸೇತುವೆ ಬಂದರೆ ಸಾಕು, ಹೊಟ್ಟೆಯಲ್ಲಿದ್ದದ್ದು ಕಿಟಕಿಯಿಂದಾಚೆ. ನಿಂಬೆಹಣ್ಣು ಮೂಸಿದ್ದಾಯಿತು, ಓಮಕಾಳು ಅಗಿದದ್ದಾಯಿತು, ಯಾರೋ ಹೇಳಿದರೆಂದು ದಿನಪತ್ರಿಕೆಯ ಮೇಲೆ ಕೂತದ್ದೂ ಆಯಿತು. ಹದಿನೇಳು ವರ್ಷದ ಹಿಂದೆ ಅಮ್ಮ ಹೋದ ಸುದ್ದಿ ಬಂದಾಗ ಶೇರಾಘಾಟ್‌ವರೆಗೆ ಹೋಗಿದ್ದಳು. ಅಲ್ಲಿ ಪ್ರಜ್ಞೆತಪ್ಪಿ ಬಿದ್ದವಳನ್ನು ಚಹಾದಂಗಡಿಯ ಬೆಂಚಿನ ಮೇಲೆ ಮಲಗಿಸಿ, ಎರಡು ದಿನದ ಮೇಲೆ ವಾಪಸು ಕರೆತಂದರು. ಅಮ್ಮನ ಮುಖ ಕಾಣಲಿಲ್ಲ. ಆ ಸಂಕಟ ಇವತ್ತಿಗೂ ಅವಳ ಎದೆಯಲ್ಲಿ ಹಸಿಯಾಗಿಯೇ ಇತ್ತು. ಅಮ್ಮನ ವಿಷಯದಲ್ಲಾದದ್ದು ಅಣ್ಣನ ವಿಷಯದಲ್ಲೂ ಆದರೆ ತಾನು ಬದುಕಿದ್ದೂ ದಂಡ ಎಂದು ಅವಳಿಗನ್ನಿಸುತ್ತಿತ್ತು.

ಜನವರಿಯಲ್ಲೇ ಒಂದು ದಿನ ಕಾಂಪೌಂಡಿನ ಗೋಡೆಯಾಚೆಯಿಂದ ಖೀಮಾನಂದ ಸುಮ್ಮನೆ ಒಂದು ಮಾತು ಆಡಿದ್ದ. "ಮೂವತ್ತೊಂದು ವರ್ಷ ಯಾರ‍್ಯಾರ ವಾಂತಿ ತೊಳ್ಸಿಲ್ಲ ನಾನು? ತಹಸೀಲ್ದಾರ್‌ದು, ಪೂಜಾರಿದು, ಮದುಮಗಂದು. ಆದ್ರೆ ಡ್ರೈವರ್ ವಾಂತಿ ಮಾಡಿದ್ದು ಮಾತ್ರ ನೋಡಿಲ್ಲ ದೀದಿ."

ಪನುಲಿ ಒಣಹಾಕುತ್ತಿದ್ದ ಸೀರೆಯನ್ನು ಅರ್ಧಕ್ಕೇ ಬಿಟ್ಟಳು. "ಯಾಕೆ ಮಾಡಲ್ಲ?"

"ಮಾಡಲ್ಲ, ಅಷ್ಟೆ. ತಿರುವು ಬರೋಕೆ ಮುಂಚೇನೇ ಅವನ ಮೈಗೆ ಗೊತ್ತಿರುತ್ತೆ. ಹಿಂದೆ ಕೂತೋರಿಗೆ ಬಂದ ಮೇಲೆ ಗೊತ್ತಾಗುತ್ತೆ."

ಮಾರನೇ ವಾರದಿಂದ ಪನುಲಿಗೆ ಬೆಳಗಿನ ವಾಯುವಿಹಾರದ ಹುಚ್ಚು ಹಿಡಿಯಿತು. ವಾಯುವಿಹಾರ ಗಂಡನಿಗೆ ಹೇಳಿದ ಮಾತು. ನಿಜವಾಗಿ ಅವಳು ಗೌಲಾ ನದಿಯ ಪಕ್ಕದ ಬಯಲಿನಲ್ಲಿ ಕಲಿಕೆಯ ಕಾರಿನಲ್ಲಿ ಕೂತು ಕ್ಲಚ್ಚು ಬಿಡುವುದು ಕಲಿಯುತ್ತಿದ್ದಳು. ಐವತ್ತೊಂಬತ್ತರ ಹೆಂಗಸು. ಕಲಿಸುವವನು ಮೊದಲ ದಿನ ನೀವು ಯಾರ ಜೊತೆ ಬಂದಿದ್ದೀರಿ, ಕಲಿಯುವವರು ಎಲ್ಲಿ ಎಂದು ಕೇಳಿದ್ದ. ಎರಡು ತಿಂಗಳಾಗುವಷ್ಟರಲ್ಲಿ ಲೈಸೆನ್ಸು ಬಂತು. ಒಂದು ಭಾನುವಾರ ಗಂಡ ಕ್ಷೌರಕ್ಕೆ ಹೋಗಿದ್ದಾಗ ಖೀಮಾನಂದನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ಕಾರಿನಲ್ಲೇ ರಾಣಿಬಾಗ್ ಸೇತುವೆ ದಾಟಿದಳು. ಹೊಟ್ಟೆ ತೊಳಸಲಿಲ್ಲ. ಇನ್ನೂ ಆರು ತಿರುವು ಹತ್ತಿದಳು. ಆಗಲೂ ತೊಳಸಲಿಲ್ಲ. ಬದಿಗೆ ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ನಗತೊಡಗಿದವಳನ್ನು ನೋಡಿ ಖೀಮಾನಂದ ಹೆದರಿ ನೀರು ಕೊಟ್ಟಿದ್ದ.

ಈಗ ಅವನು ನಕ್ಷೆಯಲ್ಲಿ ತೇಜಮ್ ಎಂಬ ಊರಿಗೆ ಚುಕ್ಕೆಯಿಡುತ್ತಿದ್ದಾಗ ತರಕಾರಿ ಚೀಲ ಹಿಡಿದು ಗೋಕರ್ಣಸಿಂಹ ಒಳಗೆ ಬಂದ. ಪನುಲಿಯ ಗಂಡ, ಬ್ಯಾಂಕಿನ ಗುಮಾಸ್ತೆಯಾಗಿದ್ದವನು, ಬಯಲಿನಲ್ಲೇ ಹುಟ್ಟಿ ಬೆಳೆದವನು. ತನ್ನ ಕಾರನ್ನು ತರಕಾರಿ ಮಾರುಕಟ್ಟೆಯಾಚೆ ಒಯ್ದವನಲ್ಲ, ಎರಡನೇ ಗೇರು ದಾಟಿದವನೂ ಅಲ್ಲ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ," ಎಂದ ಹಾಳೆ ನೋಡಿ. "ಯಾರು ಹೊರಟಿರೋದು?"

"ನಾವು," ಎಂದಳು ಪನುಲಿ. "ಶುಕ್ರವಾರ ಬೆಳಿಗ್ಗೆ. ರಾತ್ರಿಗೆ ಬೇರೀನಾಗ್, ಶನಿವಾರ ಮುನ್ಸ್ಯಾರಿ."

"ನಾನು ಬೆಟ್ಟದ ರಸ್ತೇಲಿ ಓಡಿಸಲ್ಲ. ಮೊದಲೇ ಹೇಳ್ಬಿಟ್ಟಿದೀನಿ."

"ನೀವು ಅಂತ ಯಾರು ಅಂದ್ರು?"

ಅವಳು ಎದ್ದು ಅಕ್ಕಿಡಬ್ಬಿಯೊಳಗೆ ಕೈಹಾಕಿ ಲೈಸೆನ್ಸು ತೆಗೆದು, ಸೀರೆಯ ಸೆರಗಿಗೆ ಒರೆಸಿ, ಮೇಜಿನ ಮೇಲಿಟ್ಟಳು. ಗೋಕರ್ಣಸಿಂಹ ಅದನ್ನು ಖೋಟಾನೋಟು ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದ. ಖೀಮಾನಂದ ಮೆಲ್ಲಗೆ ಪೆನ್ಸಿಲು ಜೇಬಿಗಿಳಿಸಿದ.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿನಗೆ ಒಂದು ವರ್ಷ ಮುಂಚೇನೇ ಬಂತಲ್ಲೇ!"

"ಬರಲಿ ಬಿಡಿ. ಕಾಯೋಕೆ ನನಗೂ ಪುರುಸೊತ್ತಿಲ್ಲ."

"ಅದಿರಲಿ, ಭಿಟೌಲೀನ ಅಣ್ಣ ತರ್ತಾನೆ. ತಂಗಿ ಹೋಗಿ ಈಸ್ಕೊಂಡು ಬರೋದು ಎಲ್ಲಾದ್ರೂ ಉಂಟಾ? ಜನ ನಗಲ್ವಾ?"

"ಭೇಟಿ ಅನ್ನೋದ್ರಿಂದ ತಾನೇ ಭಿಟೌಲಿ ಆಗಿದ್ದು? ಭೇಟಿ ಅಂದ್ರೆ ಇಬ್ಬರದ್ದು. ಮೂವತ್ತೆಂಟು ವರ್ಷ ಅವನೊಬ್ಬನೇ ಬಂದ. ಆಗ ಯಾರಾದ್ರೂ ನಕ್ಕರಾ?"

ಗೋಕರ್ಣಸಿಂಹ ಆ ಸಂಜೆಯೆಲ್ಲ ಮುಖ ದಪ್ಪ ಮಾಡಿಕೊಂಡಿದ್ದ. ಬೆಳಗಾದಾಗ ಹಾಳೆಯ ಮುಂದೆ ತಾನೂ ಕನ್ನಡಕ ಹಾಕಿ ಕೂತಿದ್ದ. ಹೋಗುವುದೇ ಆದರೆ ಕೌಸಾನಿಯ ಕಡೆಯಿಂದ ಸುತ್ತಿಕೊಂಡು ಹೋಗಿ ಸೂರ್ಯೋದಯ ನೋಡಬೇಕು, ಬಿರ್ಥಿಯ ಜಲಪಾತದ ಮುಂದೆ ಫೋಟೋ ತೆಗೆಸಿಕೊಳ್ಳಬೇಕು, ಪ್ರವಾಸಿಗಳೆಲ್ಲ ಹಾಗೇ ಮಾಡುತ್ತಾರೆ ಎಂದು ವಾದಿಸಿದ. "ನನಗೆ ನೋಡೋ ಜಾಗ ಒಂದೇ," ಎಂದು ಪನುಲಿ ಕೌಸಾನಿಯನ್ನು ಹೊಡೆದುಹಾಕಿದಳು. ಜಲಪಾತ ಹೇಗೂ ದಾರಿಯಲ್ಲೇ ಇತ್ತು, ಅದನ್ನು ಉಳಿಸಿದಳು.

ಕಷ್ಟವಾದದ್ದು ಅಣ್ಣನಿಗೆ ಹೇಳುವುದು. ಫೋನು ಮಾಡಿ ಹೇಳಿಯೇಬಿಟ್ಟಳು.

"ನಾನಿನ್ನೂ ಬದುಕಿದೀನಿ ಪನೂ," ಎಂದ ನೇತ್ರಸಿಂಹ. "ನೀನು ಬಾಗಿಲಿಗೆ ಬಂದು ಈಸ್ಕೊಂಡು ಹೋಗೋ ಹಾಗಾಯ್ತಾ?"

"ಸಿಟ್ಟು ಮಾಡ್ಕೊಂಡೇ ಇರು. ಬಂದು ಬೈಸ್ಕೋತೀನಿ," ಎಂದು ಅವಳು ಫೋನಿಟ್ಟಳು.

ಹೊರಡುವ ಹಿಂದಿನ ದಿನ ಖೀಮಾನಂದ ಗೋಡೆಯಾಚೆ ನಿಂತು ಕೊನೆಯ ಪಾಠ ಹೇಳಿದ. ಹತ್ತಿದ ಗೇರಿನಲ್ಲೇ ಇಳಿಯಬೇಕು. ಕುರುಡು ತಿರುವಿನಲ್ಲಿ ಹಾರ್ನು ಮರೆಯಬಾರದು. "ಇನ್ನೊಂದು ದೀದಿ. ಕಿರಿದಾದ ಕಡೆ ಎದುರುಬದುರು ಆದ್ರೆ ಹತ್ತೋರಿಗೆ ದಾರಿ. ಇಳಿಯೋನು ಹಿಂದೆ ತಗೋಬೇಕು. ಅವನು ರಾಜನಾಗಿರಲಿ, ಮಂತ್ರಿಯಾಗಿರಲಿ. ಒಂದು ಸಲ ನೀನು ಹಿಂದೆ ತಗೊಂಡ್ಯೋ, ಮುನ್ಸ್ಯಾರಿವರೆಗೂ ಹಿಂದೇನೇ ತಗೋತಾ ಇರ್ತೀಯ."

ಶುಕ್ರವಾರ ಅವರು ಹೊರಟರು. ಹಿಂದಿನ ಸೀಟಿನಲ್ಲಿ ಗೋಕರ್ಣಸಿಂಹ, ಮಡಿಲಲ್ಲಿ ನಕ್ಷೆ. ಭವಾಲಿಯವರೆಗೆ ಅವನು ತಿರುವುಗಳನ್ನು ಎಣಿಸಿದ. ಅಲ್ಮೋಡಾ ದಾಟುವಾಗ ಎಣಿಕೆ ನಿಂತಿತು. ಧೌಲಛೀನಾದ ಪೈನ್ ಕಾಡಿನಲ್ಲಿ ಮಾತು ನಿಂತಿತು. ಸರಯೂ ನದಿಗಿಳಿಯುವ ದಾರಿಯಲ್ಲಿ, "ನಿಲ್ಸೇ, ನಿಲ್ಸೇ," ಎಂದು ಕೂಗಿ ಬಾಗಿಲು ತೆರೆದು ಕಲ್ಲಿನ ಮೇಲೆ ಬಗ್ಗಿ ಕೂತ. ಪನುಲಿ ಅವನ ಬೆನ್ನು ನೀವಿದಳು, ನಿಂಬೆಹಣ್ಣು ಕೊಟ್ಟಳು, ನಗು ಬಂದದ್ದನ್ನು ನುಂಗಿಕೊಂಡಳು. ಶೇರಾಘಾಟ್‌ನ ಚಹಾದಂಗಡಿಗಳ ಮುಂದೆ ಹಾದುಹೋಗುವಾಗ ಮಾತ್ರ ಅವಳಿಗೆ ನಗು ಬರಲಿಲ್ಲ. ಅಲ್ಲಿ ಯಾವ ಬೆಂಚು ಎಂದು ಗುರುತು ಸಿಗಲಿಲ್ಲ. ಸೇತುವೆ ದಾಟಿ ಹತ್ತತೊಡಗಿದಾಗ ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಬೇರೀನಾಗ್‌ನಲ್ಲಿ ಮಲಗಿ ಶನಿವಾರ ಎದ್ದು ಥಲ್ ದಾಟಿದರು, ಬಿರ್ಥಿಯಲ್ಲಿ ಫೋಟೋ ಆಯಿತು. ಕಾಲಾಮುನಿಯ ಘಾಟಿಗೆ ಹತ್ತುವ ದಾರಿಯಲ್ಲಿ, ಒಂದು ಕಡೆ ಗುಡ್ಡ ಕುಸಿದು ಇನ್ನೊಂದು ಕಡೆ ಏನೂ ಇಲ್ಲದ ಜಾಗದಲ್ಲಿ, ಮೇಲಿನಿಂದ ಕುರಿ ತುಂಬಿದ ಪಿಕಪ್ಪೊಂದು ಇಳಿದು ಬಂದು ಎದುರಿಗೆ ನಿಂತಿತು. ಡ್ರೈವರ್ ತಲೆ ಹೊರಹಾಕಿದ.

"ದೀದಿ, ಹಿಂದೆ ತಗೊಳ್ಳಿ. ನಿಮ್ಮದು ಪುಟ್ಟ ಗಾಡಿ."

"ತಗೋ ಪನೂ, ಹಿಂದೆ ತಗೋ," ಎಂದ ಗೋಕರ್ಣಸಿಂಹ ಕಣ್ಣು ಮುಚ್ಚಿಕೊಂಡೇ.

ಪನುಲಿ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆರಿಸಿದಳು. "ನಾನು ಹತ್ತುತಾ ಇದೀನಿ ಕಣಪ್ಪ."

"ಅಯ್ಯೋ, ಕುರಿ ಇದಾವೆ ದೀದಿ!"

"ನನ್ನ ಹತ್ರ ಗಂಡ ಇದಾನೆ. ನೀನೇ ತಗೋ."

ಡ್ರೈವರ್ ನೋಡಿಯೇ ನೋಡಿದ. "ಯಾರು ಕಲಿಸಿದ್ದು ನಿಮಗೆ?"

"ಖೀಮಾನಂದ. ಬಸ್ಸು ಓಡಿಸ್ತಿದ್ನಲ್ಲ."

"ಪಾಠಕ್‌ಜೀನಾ! ಮೊದಲೇ ಹೇಳಬಾರದಾ?" ಪಿಕಪ್ಪು ಗೊಣಗುತ್ತಾ, ಕುರಿಗಳು ಅರಚುತ್ತಾ, ಎಪ್ಪತ್ತು ಎಂಬತ್ತು ಗಜ ಹಿಂದಕ್ಕೆ ಹತ್ತಿ ಬಂಡೆಗೆ ಒತ್ತಿ ನಿಂತಿತು. ಪನುಲಿ ಹಾದುಹೋಗುವಾಗ ಅವನು ಹಣೆಗೆ ಕೈ ಹಚ್ಚಿದ. ಅವಳ ಮೈಯೆಲ್ಲ ಬಿಸಿಯಾಗಿತ್ತು. ಇಪ್ಪತ್ತು ವರ್ಷ ಚಿಕ್ಕವಳಾದ ಹಾಗನ್ನಿಸಿತು.

ಘಾಟಿಯ ನೆತ್ತಿಯಲ್ಲಿ ಪಂಚಾಚೂಲಿಯ ಐದು ಶಿಖರಗಳೂ ಒಮ್ಮೆಲೇ ಎದುರಾದವು. ಗೋಕರ್ಣಸಿಂಹನನ್ನು ಎಬ್ಬಿಸಿ ತೋರಿಸಿದಳು. ನೋಡಿ ಮತ್ತೆ ಮಲಗಿದ. ಅಲ್ಲಿಂದ ಇಳಿಜಾರು. ಊರಿನ ಮೊದಲ ಮಾಡುಗಳು ಕಾಣಿಸುವ ತಿರುವಿನಲ್ಲಿ, ರಸ್ತೆಯಂಚಿನ ಮೋಟುಗೋಡೆಯ ಮೇಲೆ ಯಾರೋ ಮುದುಕ ಕೂತಿದ್ದ. ಪಕ್ಕದಲ್ಲಿ ನಾಲ್ಕು ಕಾಲಿನ ಊರೆಗೋಲು. ತೊಡೆಯ ಮೇಲೆ ಗಂಟು. ಪನುಲಿಗೆ ಮೊದಲು ಟೋಪಿ ಗುರುತು ಸಿಕ್ಕಿತು, ಆಮೇಲೆ ಅಣ್ಣನ ಮುಖ. ಮನೆ ಇನ್ನೂ ಅರ್ಧ ಮೈಲಿ ಕೆಳಗಿತ್ತು. ಮುರಿದ ಸೊಂಟದಲ್ಲಿ ಅರ್ಧ ಮೈಲಿ ಏರು ಹತ್ತಿ ಬಂದಿದ್ದ ಅವನು.

ಕಾರು ನಿಲ್ಲಿಸಿ ಅವಳು ಬಾಗಿಲಿಗೆ ಕೈಹಾಕಿದಳು.

"ಇಳೀಬೇಡ!" ಎಂದು ನೇತ್ರಸಿಂಹ ಅಲ್ಲಿಂದಲೇ ಗದರಿದ. "ಕೂತಿರು ನೀನು. ಇದು ನಿನ್ನ ಕಾರು ತಾನೆ? ಹಾಗಿದ್ರೆ ನಿನ್ನ ಮನೇನೇ."

ಗಂಟನ್ನು ಕತ್ತಿಗೆ ತೂಗುಹಾಕಿಕೊಂಡು, ಊರೆಗೋಲು ಮುಂದಿಟ್ಟು, ಕಾಲೆಳೆದು, ಮತ್ತೆ ಮುಂದಿಟ್ಟು, ಅವನು ರಸ್ತೆ ದಾಟತೊಡಗಿದ. ಹತ್ತು ಹೆಜ್ಜೆಯಿರಬಹುದು. ಓಡಿಹೋಗಿ ಹಿಡಿದುಕೊಳ್ಳಬೇಕೆಂದು ಅವಳ ಪ್ರಾಣ ಚಡಪಡಿಸುತ್ತಿತ್ತು. ಆದರೂ ಸ್ಟಿಯರಿಂಗ್ ಬಿಗಿಹಿಡಿದು ಕೂತೇ ಇದ್ದಳು. ಅವನು ಬಂದು ಕಿಟಕಿಗೆ ಆನಿಕೊಂಡು ಉಸಿರು ಸುಧಾರಿಸಿಕೊಂಡ. ಗಂಟು ಬಿಚ್ಚಿ ಒಂದು ಪುವಾ ಮುರಿದು ಅವಳ ಬಾಯಿಗಿಟ್ಟ, ಉಳಿದದ್ದನ್ನು ಕಿಟಕಿಯೊಳಗಿಂದ ಅವಳ ಮಡಿಲಿಗೆ ಇಳಿಸಿದ.

"ನಾನೇ ಬಂದೆ ನೋಡು," ಎಂದ.

ಹಿಂದೆ ಜೀಪೊಂದು ಬಂದು ಹಾರ್ನು ಹೊಡೆಯಿತು. ಪನುಲಿ ಬಾಯಿ ತುಂಬ ಸಿಹಿಯಿಟ್ಟುಕೊಂಡು, ಹಿಂದಿರುಗಿ ನೋಡದೆ, ಬಲಗೈಯನ್ನು ಅಣ್ಣನ ಹೆಗಲ ಮೇಲಿಂದ ಹೊರಗೆ ಚಾಚಿ, ನೀವು ಮುಂದೆ ಹೋಗಿ ಎಂದು ನಿಧಾನವಾಗಿ ಬೀಸಿದಳು.