ಕೇಳಿದಷ್ಟಕ್ಕೆ ಉತ್ತರ

ಅಕ್ಕನ ಗಂಡ ಅವಳಿಗೆ ಇಟ್ಟ ಹೆಸರು ಫ್ಯೂಸ್. ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ನೋಡಿಕೊಳ್ಳುವ ನಾದಿನಿಗೆ ಪ್ರೀತಿಯಿಂದ ಇಟ್ಟ ಹೆಸರು ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಹತ್ತು ವರ್ಷ ಅವಳೂ ನಕ್ಕಳು. ದಿನಾ ಕೇಳಿದರೆ ಹಾರ್ನಿನ ಸದ್ದೂ ರೂಢಿಯಾಗುತ್ತದೆ.

ಆ ಹೆಸರಿನ ಪೂರ್ತಿ ಅರ್ಥ ಗೊತ್ತಾದದ್ದು ಎಂಟು ತಿಂಗಳ ಹಿಂದೆ. ಶಾಲಾಮಕ್ಕಳನ್ನು ಸಾಗಿಸುವ ಹನ್ನೊಂದು ವ್ಯಾನುಗಳು ಆ ಗ್ಯಾರೇಜಿಗೆ ಬರುತ್ತಿದ್ದವು. ಅವುಗಳಲ್ಲೊಂದರಲ್ಲಿ ಸ್ಟೀರಿಂಗ್ ಮುಂದಿನ ಬ್ರೇಕ್ ಎಚ್ಚರಿಕೆಯ ದೀಪ ಹತ್ತಿ ಹತ್ತಿ ಆರುತ್ತಿತ್ತು. "ಚಕ್ರದ ಸೆನ್ಸರ್ ಆಗಾಗ ಕೈಕೊಡ್ತಿದೆ ಭಾವ, ಬದಲಾಯಿಸದೆ ಕಳಿಸೋದು ಬೇಡ" ಎಂದಳು. "ಸುಮ್ನೆ ಕೋಡ್ ಅಳಿಸಿ ಕಳಿಸು. ದೀಪ ಆರಿದ್ರೆ ಮನುಷ್ಯನ ಚಿಂತೆನೂ ಆರುತ್ತೆ" ಎಂದ ಭಾವ. ಅವಳು ಒಲ್ಲೆ ಎಂದಳು. ಅವಳು ಊಟಕ್ಕೆ ಹೋದಾಗ ಅವನೇ ಲ್ಯಾಪ್‌ಟಾಪ್ ಜೋಡಿಸಿ ವ್ಯಾನಿನ ದೋಷದ ಕೋಡ್ ಅಳಿಸಿದ. ಮೂರನೆಯ ದಿನ ಒದ್ದೆ ತಿರುವಿನಲ್ಲಿ ವ್ಯಾನು ಜಾರಿ ಕಾಂಪೌಂಡ್ ಗೋಡೆಗೆ ಹೋಗಿ ನಿಂತಿತು. ಮಕ್ಕಳನ್ನು ಇಳಿಸಿ ಆಗಿತ್ತು, ಪುಣ್ಯ. ಹಿರಿಯ ಡ್ರೈವರಿನ ಮೊಣಕಾಲು ಮಾತ್ರ ಮುರಿಯಿತು.

ವ್ಯಾನುಗಳ ಒಡತಿ ಗ್ಯಾರೇಜಿಗೆ ಬಂದು ಯಾರ ಕೆಲಸ ಇದು ಎಂದಾಗ, ಭಾವ ಗೂಬೆಯನ್ನು ಹುಡುಕಿ ತಂದು ನಾದಿನಿಯ ತಲೆಯ ಮೇಲೆ ಕೂರಿಸಿದ. ಅವಳು ಬಾಯಿ ತೆರೆದಳು.

"ಕೇಳಿದಷ್ಟಕ್ಕೆ ಉತ್ತರ ಕೊಡು" ಎಂದ ಭಾವ. "ಆ ದಿನ ಲ್ಯಾಪ್‌ಟಾಪ್ ನಿನ್ನ ಸುಪರ್ದಿಯಲ್ಲಿ ಇತ್ತೋ ಇಲ್ವೋ?"

"ಇತ್ತು, ಆದ್ರೆ..."

"ಮುಗೀತಲ್ಲ." ಒಡತಿಯ ಕಡೆ ತಿರುಗಿ ನಕ್ಕ. "ಫ್ಯೂಸ್ ಹೋಯ್ತು ಮೇಡಂ. ಕಿತ್ತು ಬೇರೆ ಹಾಕ್ತೀನಿ ಬಿಡಿ."

ಮಾರನೆಯ ದಿನ ಅಕ್ಕ ಅವಳ ಸಾಮಾನು ತಂದು ಬಾಗಿಲಲ್ಲಿ ಇಟ್ಟಳು. ಎರಡು ಟೆಸ್ಟರು, ಇಕ್ಕಳ, ಟೀ ಲೋಟ, ಎಲ್ಲವೂ ಗ್ಯಾರೇಜಿನ ಲೆಕ್ಕಪತ್ರಕ್ಕೆಂದು ಅವಳೇ ಸಿದ್ಧಮಾಡಿಟ್ಟಿದ್ದ ಹೊಸ ಲ್ಯಾಪ್‌ಟಾಪಿನ ಖಾಲಿ ಡಬ್ಬದಲ್ಲಿ. ಅಕ್ಕ ಮುಖ ನೋಡದೆ ಹೋದಳು. ಊರಿನ ಒಂದು ಗ್ಯಾರೇಜೂ ಆಮೇಲೆ ಅವಳನ್ನು ಒಳಗೆ ಸೇರಿಸಲಿಲ್ಲ; ಬ್ರೇಕ್ ದೀಪ ಅಳಿಸಿದವಳು ಎಂದರೆ ಸಾಕಿತ್ತು. ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿಯ ಅಂಗಡಿಯ ಹಿಂಬದಿಯಲ್ಲಿ ಒಂದು ಮೇಜು ಸಿಕ್ಕಿತು. ಅಲ್ಲಿ ಕೂತು ಸಿಟ್ಟನ್ನು ಅವಳು ಬಳಸದ ಬ್ಯಾಟರಿಯನ್ನು ಕಾಪಾಡುವಂತೆ ಕಾಪಾಡಿದಳು: ತಿಂಗಳಿಗೊಮ್ಮೆ ತೆಗೆದು, ಒರೆಸಿ, ಚಾರ್ಜ್ ಮಾಡಿ ಇಡುವುದು.

ಆ ಡಬ್ಬದ ಮುಚ್ಚಳದ ಒಳಬದಿಗೆ ಅವಳೇ ಅಂಟಿಸಿದ್ದ ಚೀಟಿಯೊಂದಿತ್ತು. ಅದನ್ನು ಅವಳು ಕೀಳಲಿಲ್ಲ.

ಒಂದು ಬೆಳಿಗ್ಗೆ ಹತ್ತೂವರೆಗೆ ಭಾವನ ಫೋನ್ ಬಂತು. ಎಂಟು ತಿಂಗಳಲ್ಲಿ ಮೊದಲನೆಯದು.

"ಏ ಫ್ಯೂಸ್, ಅರ್ಜೆಂಟು. ಹನ್ನೊಂದು ಗಂಟೆಗೆ ಅವತ್ತು ಬಿಟ್ಟುಹೋದ ವ್ಯಾನಿನವರು ಬರ್ತಿದ್ದಾರೆ, ಹನ್ನೊಂದೂ ಗಾಡಿ ಸಮೇತ. ಮತ್ತೆ ನಮ್ಮ ಹತ್ರಾನೇ ಬಿಡೋ ಹಾಗೆ ಇದ್ದಾರೆ, ಎಲ್ಲವನ್ನೂ ಚೆಕ್ ಮಾಡಿ ತೋರಿಸಬೇಕು. ಹಳೇ ಲ್ಯಾಪ್‌ಟಾಪ್ ಹೋದ ವಾರ ಕಣ್ಮುಚ್ತು. ಹೊಸದರಲ್ಲಿ ಗಾಡಿ ಚೆಕ್ ಮಾಡೋ ಆ ಸಾಫ್ಟ್‌ವೇರ್ ಕೇಬಲ್ಲನ್ನೇ ಗುರುತು ಹಿಡೀತಿಲ್ಲ. ಏನು ಮಾಡಬೇಕು?"

ಅವಳಿಗೆ ಗೊತ್ತಿತ್ತು. ವ್ಯಾನುಗಳು ಹಳೆಯವು, ಅವುಗಳ ಭಾಷೆ ಬಲ್ಲ ಸಾಫ್ಟ್‌ವೇರೂ ಹಳೆಯದು. ಅದರ ಕೇಬಲ್ಲಿಗೆ ಬೇಕಾದ ಡ್ರೈವರಿಗೆ, ಅಂದರೆ ಸ್ಟೀರಿಂಗ್ ಹಿಡಿಯುವವನಲ್ಲ, ಕಂಪ್ಯೂಟರಿನೊಳಗೆ ಕೂರುವ ಇನ್ನೊಬ್ಬನಿಗೆ, ಯಾರ ಸಹಿಯೂ ಇಲ್ಲ. ಹೊಸ ಯಂತ್ರದ ಬಾಗಿಲಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ಇರುತ್ತಾನೆ; ಸಹಿ ಇಲ್ಲದವನನ್ನು ಹೊಸಿಲು ದಾಟಿಸುವುದಿಲ್ಲ. ಕಾವಲುಗಾರನನ್ನು ಮನೆಗೆ ಕಳಿಸಬಹುದು. ಆದರೆ ಒಳಗಿನ ಡಿಸ್ಕಿಗೆ ಬೀಗ ಹಾಕಿರುತ್ತದೆ, ಮೊದಲು ಆ ಬೀಗವನ್ನು ತಾತ್ಕಾಲಿಕವಾಗಿ ಸಡಿಲಿಸಬೇಕು. ಇಲ್ಲದಿದ್ದರೆ ಯಂತ್ರ ಕಳ್ಳ ಬಂದನೆಂದು ಹೆದರಿ, ಇದ್ದದ್ದೆಲ್ಲವನ್ನೂ ಬಾಚಿ ಒಳಗಿಟ್ಟುಕೊಂಡು ಕೂತುಬಿಡುತ್ತದೆ.

"ಭಾವ, ಅದಕ್ಕೂ ಮುಂಚೆ ಒಂದು..."

"ಅಯ್ಯೋ, ಪುರಾಣ ಬೇಡ. ಸೆಕ್ಯೂರ್ ಬೂಟ್ ಆಫ್ ಮಾಡಬೇಕು ಅಂತ ಯಾರೋ ಅಂದ್ರು. ಅದು ಎಲ್ಲಿರುತ್ತೆ? ಕೇಳಿದಷ್ಟಕ್ಕೆ ಉತ್ತರ ಕೊಡು."

ಅವಳು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ, ಸದ್ದಾಗದಂತೆ, ಮಲಗಿಸಿದಳು.

"ರೀಸ್ಟಾರ್ಟ್ ಮಾಡಿ, ಎಫ್ ಟೂ ಒತ್ತಿ. ಬೂಟ್ ಅನ್ನೋ ಪುಟದಲ್ಲಿ ಎರಡನೇ ಸಾಲು. ಆಫ್ ಮಾಡಿ ಸೇವ್ ಮಾಡಿ."

"ಅಷ್ಟಕ್ಕೆ ಇಷ್ಟು ರಾಗ!" ಎಂದು ಭಾವ ಫೋನಿಟ್ಟ.

ಅವಳು ಎದ್ದು ಮೂಲೆಯಿಂದ ಡಬ್ಬ ತಂದು, ಮುಚ್ಚಳ ತೆರೆದು, ಚೀಟಿಯನ್ನು ತನ್ನ ಕಡೆಗೆ ತಿರುಗಿಸಿ ಇಟ್ಟುಕೊಂಡಳು. ಆಮೇಲೆ ಇಸ್ತ್ರಿಪೆಟ್ಟಿಗೆಯ ಹಿಡಿ ಬಿಚ್ಚತೊಡಗಿದಳು. ಮೂರನೆಯ ಸ್ಕ್ರೂ ಬಿಚ್ಚುವಷ್ಟರಲ್ಲಿ ಫೋನ್ ಮತ್ತೆ ರಿಂಗಾಯಿತು. ಈ ಸಲ ಹಿಂದೆ ಗದ್ದಲವಿತ್ತು: ಕಂಪ್ರೆಸರ್, ನಿಂತಲ್ಲೇ ಗುರ್ ಎನ್ನುವ ಇಂಜಿನ್‌ಗಳು, ನಾಲ್ಕೈದು ಜನರ ಮಾತು.

"ಇದೇನೋ ನೀಲಿ ಪರದೆ ಬಂದಿದೆ ಕಣೇ. ರಿಕವರಿ ಕೀ ಅಂತೆ, ನಲವತ್ತೆಂಟು ಅಂಕಿ ಬೇಕಂತೆ! ಎಲ್ಲರೂ ಬಂದು ನಿಂತಿದ್ದಾರೆ."

"ಹೌದು. ಆರಾರರಂತೆ ಎಂಟು ಗುಂಪು."

"ಗೊತ್ತಿತ್ತಾ ನಿಂಗೆ? ಎಲ್ಲಿದೆ ಅದು?"

"ಗ್ಯಾರೇಜಿನಿಂದ ಒಂದು ಡಬ್ಬ ಕಳಿಸಿದ್ರಲ್ಲ, ಅದರ ಮುಚ್ಚಳದಲ್ಲಿದೆ."

ಲ್ಯಾಪ್‌ಟಾಪಿನೊಳಗೆ ಗ್ಯಾರೇಜಿನ ಸಮಸ್ತವೂ ಇತ್ತು, ಯಾವ ಗಾಡಿಗೆ ಯಾವಾಗ ಏನು ಮಾಡಿದೆವು ಎಂಬ ಎಲ್ಲ ಜಾತಕ.

"ಹೇಳು, ಹೇಳು. ತಡಿ, ಸ್ಪೀಕರ್‌ಗೆ ಹಾಕ್ತೀನಿ. ಎರಡೂ ಕೈ ಬೇಕು."

ಆ ಮಾತಿಗಾಗಿಯೇ ಅವಳು ಕಾದಿದ್ದಳು. ಅವನ ದನಿ ಈಗ ಬಾವಿಯೊಳಗಿನಿಂದ ಬಂದಂತೆ ಬಂತು. ಅಂದರೆ ಅವಳ ದನಿ ಅಲ್ಲಿ ಷೆಡ್ಡಿನ ತಗಡಿನವರೆಗೆ ಹೋಗುತ್ತಿತ್ತು.

"ಒಂದು ಒಂದು ನಾಲ್ಕು, ನಾಲ್ಕು ಎರಡು ಎರಡು" ಎಂದಳು. ಕೀ ಸದ್ದು ಟಕಟಕ ಕೇಳಿತು. ಎರಡನೆಯ ಗುಂಪನ್ನೂ ಕೊಟ್ಟಳು. ಅಂಗಡಿಯವರು ಮೊದಲ ಮಿಠಾಯಿ ಪುಕ್ಕಟೆ ಕೊಡುತ್ತಾರೆ.

"ಆಯ್ತು, ಮೂರನೇದು?"

"ಜಾರಿದ ಆ ವ್ಯಾನಿನ ಬ್ರೇಕ್ ದೀಪ ಹತ್ತಿತ್ತಾ ಇಲ್ವಾ ಭಾವ?"

ಟಕಟಕ ನಿಂತಿತು. "ಈಗ ಯಾಕೆ ಆ ಹಳೇ ಕತೆ? ಅಂಕಿ ಹೇಳೇ."

"ಕೇಳಿದಷ್ಟಕ್ಕೆ ಉತ್ತರ ಕೊಡಿ."

ಫೋನನ್ನು ಎತ್ತಿಕೊಳ್ಳುವ ಸರಸರ. "ಒಂದ್ನಿಮಿಷ ಮೇಡಂ, ಮನೆ ವಿಷಯ..." ಅಷ್ಟರಲ್ಲಿ ಹೆಂಗಸಿನ ತಣ್ಣನೆಯ ದನಿ ಬಂತು: "ಸ್ಪೀಕರ್ ಇರಲಿ. ವ್ಯಾನು ನಂದು. ಅದು ನಿಮ್ಮ ಮನೆ ವಿಷಯ ಹೆಂಗಾಯ್ತು?"

"ಹತ್ತಿತ್ತು" ಎಂದ ಭಾವ.

ಮೂರನೆಯ ಆರು ಅಂಕಿ ಕೊಟ್ಟಳು. ತಪ್ಪು ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ.

"ಸೆನ್ಸರ್ ಬದಲಾಯಿಸದೆ ಕಳಿಸಬಾರದು ಅಂದೋರು ಯಾರು?"

"...ನೀನು."

ನಾಲ್ಕನೆಯದು.

"ಕೋಡ್ ಅಳಿಸು ಅಂದೋರು?"

"ನಾನು. ಆದ್ರೆ ಅವತ್ತಿನ ಪರಿಸ್ಥಿತಿ..."

"ಅದನ್ನ ಕೇಳಲಿಲ್ಲ."

ಐದನೆಯದು. ಹಿಂದೆ ಯಾರೋ ಕಿಸಕ್ ಎಂದರು, ಕೆಮ್ಮಿನಲ್ಲಿ ಮುಚ್ಚಿಹಾಕಿದರು.

"ಅಳಿಸಿದ್ದು ನಾನಾ?"

"ಇಲ್ಲ."

"ಮತ್ತೆ?"

ಇಂಜಿನ್‌ಗಳು ಗುರ್ ಎನ್ನುತ್ತಲೇ ಇದ್ದವು. ಯಾರೋ ಕಂಪ್ರೆಸರ್ ಆರಿಸಿದರು, ಚೆನ್ನಾಗಿ ಕೇಳಲೆಂದು. ಕೋಲೊಂದು ನೆಲಕ್ಕೆ ಊರಿದ ಸದ್ದು, ಹತ್ತಿರ ಬಂತು.

"ಹೇಳಪ್ಪ" ಎಂದಿತು ಹಿರಿಯ ಡ್ರೈವರಿನ ದನಿ. "ನಿಂತ್ಕೊಂಡು ಕಾಯೋಕೆ ನನ್ನ ಕಾಲಿಗೆ ಆಗೋದಿಲ್ಲ."

"ನಾನೇ ಅಳಿಸಿದೆ" ಎಂದ ಭಾವ. "ಅವಳು ಊಟಕ್ಕೆ ಹೋಗಿದ್ಲು."

ಎರಡು ಉತ್ತರಕ್ಕೆ ಎರಡು ಗುಂಪು. ಆರು, ಏಳು, ಒಂದರ ಹಿಂದೆ ಒಂದು ಕೊಟ್ಟಳು. ಅವಳ ಬಾಯಲ್ಲಿ, ಬೆಳಿಗ್ಗೆಯಿಂದ ಏನನ್ನೂ ತಿನ್ನದಿದ್ದರೂ, ಏನೋ ಸಿಹಿ ಕರಗುತ್ತಿತ್ತು.

"ಇನ್ನೊಂದೇ ಭಾವ. ಇದು ಸುಲಭದ್ದು, ಕೆಲಸ ಕಲಿಯೋ ಮೊದಲನೇ ದಿನ ಕೇಳೋ ಪ್ರಶ್ನೆ. ಫ್ಯೂಸ್ ಯಾಕೆ ಹೋಗುತ್ತೆ?"

ಗ್ಯಾರೇಜಿನಲ್ಲಿದ್ದವರಿಗೆಲ್ಲ ಆ ಉತ್ತರ ಗೊತ್ತಿತ್ತು.

"ತಪ್ಪು ಬೇರೆ ಕಡೆ ಇರುತ್ತೆ" ಎಂದ ಭಾವ. "ಅದಕ್ಕೆ ಹೋಗುತ್ತೆ."

ಅವಳು ಕೊನೆಯ ಆರು ಅಂಕಿ ಹೇಳುವ ಮೊದಲೇ ಒಂದು ವ್ಯಾನು ಗೇರಿಗೆ ಬಿತ್ತು. ಹಿಂದೆಯೇ ಎರಡನೆಯದು, ಮೂರನೆಯದು. ಮೂರನೆಯದರ ಬೆಲ್ಟು ಸಡಿಲವಾಗಿತ್ತು, ಕಿರುಗುಟ್ಟಿತು. ಒಂಬತ್ತನೆಯದರ ಸೈಲೆನ್ಸರ್ ತೂತು. ಹನ್ನೊಂದನ್ನೂ ಅವಳು ಎಣಿಸಿದಳು. ಕೋಲಿನ ಸದ್ದು ಫೋನಿನ ಹತ್ತಿರ ಬಂತು.

"ತಂಗೀ, ನಾನು ಎಂಟು ತಿಂಗಳು ಬೈದೆ ನಿನ್ನ. ಮಂಚದ ಮೇಲೆ ಬೇರೆ ಕೆಲಸ ಇರಲಿಲ್ಲ ನೋಡು."

"ಇರ್ಲಿ ಅಣ್ಣ. ಮೂರನೇ ವ್ಯಾನಿನ ಬೆಲ್ಟು ಬಿಗಿ ಮಾಡ್ಸಿ."

"ನೀನೇ ಬಂದು ಮಾಡು. ಇನ್ನು ನೀನೇ ನೋಡ್ಕೊಬೇಕಂತೆ, ನಮ್ಮ ಮೇಡಂ ಹೇಳ್ತಿದ್ದಾರೆ, ನಾಳೆ ನಮ್ಮ ಷೆಡ್ಡಿಗೇ ಬಾ" ಎಂದು ಕೋಲು ಊರಿಕೊಂಡು ದೂರವಾದ.

ಆಮೇಲೆ ಆ ಕಡೆ ಒಬ್ಬನೇ ಉಳಿದ.

"ಸೊನ್ನೆ ಏಳು ಏಳು, ಸೊನ್ನೆ ಏಳು ಏಳು" ಎಂದಳು ಅವಳು. ಮಾತೆಂದರೆ ಮಾತು.

"ಇನ್ಯಾಕೆ ಅದು" ಎಂದ ಭಾವ. ಆದರೂ ಒತ್ತಿದ. ಯಂತ್ರ ತೆರೆದುಕೊಂಡ ಸಣ್ಣ ಸಂಗೀತ ಖಾಲಿ ಷೆಡ್ಡಿನಲ್ಲಿ ಬಹಳ ಚೆನ್ನಾಗಿ ಕೇಳಿಸಿತು.

ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಗ್ಯಾರೇಜಿನ ಮುಂದಿನ ಕೋಣೆಯಲ್ಲಿ ಫೋನು, ರಸೀದಿ ನೋಡಿಕೊಳ್ಳುವವಳು ಅವಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಏನೇ" ಎಂದಳು ಅಕ್ಕ, "ಆ ನೀಲಿ ಪರದೆಗೆ ಅಂಕಿ ಬಿಟ್ಟು ಬೇರೆ ದಾರಿನೇ ಇರ್ಲಿಲ್ವಾ?"

"ಇತ್ತು. ಆಫ್ ಮಾಡಿದ್ದನ್ನ ವಾಪಸ್ ಆನ್ ಮಾಡಿದ್ರೆ ಸಾಕಿತ್ತು. ಯಾವ ಅಂಕಿನೂ ಕೇಳದೆ ತಾನಾಗೇ ತೆರ್ಕೊಳ್ತಿತ್ತು."

"ಹೇಳ್ಲಿಲ್ಲ ನೀನು."

"ಭಾವ ಕೇಳ್ಲಿಲ್ಲ."

ಆ ಕಡೆಯಿಂದ ಬಂದ ಸದ್ದು ನಗುವೋ ಬಿಕ್ಕೋ ಅವಳಿಗೆ ತಿಳಿಯಲಿಲ್ಲ.

"ಆ ಡಬ್ಬ ತುಂಬಿದ್ದು ನಾನು ಕಣೇ. ಮುಚ್ಚಳದ ಒಳಗಿನ ಚೀಟಿನೂ ನೋಡಿದ್ದೆ. 'ಇದು ಕಳೆದರೆ ಎಲ್ಲಾ ಕಳೆದಂತೆ' ಅಂತ ಕೆಂಪು ಶಾಯಿಲಿ ದಪ್ಪಗೆ ಬರ್ದಿದ್ದೆ ನೀನು."

"ನೋಡೀನೂ ಭಾವನಿಗೆ ಹೇಳ್ಲಿಲ್ವಾ?"

"ನನ್ನನ್ನ ಅವರು ಯಾವತ್ತು ಏನು ಕೇಳಿದ್ದಾರೆ?" ಎಂದಳು ಅಕ್ಕ.