ದಕ್ಷಿಣಕ್ಕೆ ಬಾಗಿಲಿಟ್ಟ ನಕಾಶೆ

ಕುಬೇರಪ್ಪ ಧಾರವಾಡದ ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಗೆರೆ ಎಳೆದವನು. ಸಾಹೇಬರು ಕೊಟ್ಟ ನಕಾಶೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಡುವುದು ಅವನ ಕೆಲಸ. ವಿಚಾರ ಮಾಡಲಿಕ್ಕೆ ಸರಕಾರ ಅವನಿಗೆ ಪಗಾರ ಕೊಡುತ್ತಿರಲಿಲ್ಲ. ಪೆನ್ಶನ್ನು ಹತ್ತಿರ ಬಂದಿತ್ತು. ಕಣ್ಣು, ಸೊಂಟ ಎರಡೂ ಅದಕ್ಕೆ ಮೊದಲೇ ನಿವೃತ್ತಿಯಾಗಿದ್ದವು.

೧೯೩೭ರ ಮಳೆಗೆ ಮಾಸೂರಿನ ಕೆರೆಯ ತಗ್ಗಿನ ಓಣಿಯಲ್ಲಿ ಹನ್ನೆರಡು ಮನೆ ಬಿದ್ದವು. ದಿಬ್ಬದ ಮೇಲೆ ಹೊಸ ಓಣಿ ಕಟ್ಟಿಸಿಕೊಡಲು ಸರಕಾರ ಒಪ್ಪಿತು. ಅದರ ನಕಾಶೆ ಹುಟ್ಟಿದ್ದು ವಿಲಾಯತಿಯಲ್ಲಿ. ಅಲ್ಲಿಂದ ಮುಂಬೈಗೆ, ಮುಂಬೈಯಿಂದ ಧಾರವಾಡದ ಕಚೇರಿಗೆ ಬರುವಷ್ಟರಲ್ಲಿ ಅಳತೆ ಎರಡು ಸಲ ಬದಲಾಗಿತ್ತು, ಬಾಗಿಲು ಮಾತ್ರ ಕದಲಿರಲಿಲ್ಲ. ಎಲ್ಲ ಮನೆಗಳಿಗೂ ದಕ್ಷಿಣಕ್ಕೆ ಬಾಗಿಲು, ಮುಂದೆ ಮೂವತ್ತು ಅಡಿ ರಸ್ತೆ. ಹಿಂದೆ, ಉತ್ತರಕ್ಕೆ, ಕಸ ಸಾಗಿಸಲು ಒಂದು ಸಂದಿ. ಆ ದೇಶದಲ್ಲಿ ಬಿಸಿಲು ಅಪರೂಪದ ನೆಂಟ, ಬರುವುದೂ ದಕ್ಷಿಣದಿಂದ. ಬಾಗಿಲು ತೆರೆದು ಕರೆಯಬೇಕು. ಮಾಸೂರಿನಲ್ಲಿ ಅದು ಕರೆಯದೆ ಬಂದು ಎದೆಯ ಮೇಲೆ ಕೂರುತ್ತದೆ. ಮೇಲಾಗಿ ದಕ್ಷಿಣ ಯಮನ ದಿಕ್ಕು. ಆ ಕಡೆ ತಲೆಬಾಗಿಲಿಟ್ಟು ಈ ಸೀಮೆಯಲ್ಲಿ ಯಾರೂ ಬಾಳುವುದಿಲ್ಲ. ಇದು ಕುಬೇರಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದೊಡ್ಡವರ ಮಾತಿನಲ್ಲಿ ಮೂಗು ತೂರಿಸುವುದೇಕೆಂದು ಗೆರೆ ಎಳೆದ.

ಮನೆಗಳೆದ್ದವು, ಜನ ಹೋಗಿ ಸೇರಿದರು. ಆರು ತಿಂಗಳಿಗೆ ಕಚೇರಿಗೆ ದೂರು ಬಂತು. ಹನ್ನೆರಡು ಮನೆಯವರೂ ಮುಂಬಾಗಿಲಿಗೆ ಮಣ್ಣಿನ ಗೋಡೆ ಎತ್ತಿ, ಹಿತ್ತಲ ಬಾಗಿಲನ್ನೇ ತಲೆಬಾಗಿಲು ಮಾಡಿಕೊಂಡಿದ್ದರು. ಕಸದ ಸಂದಿಯಲ್ಲಿ ರಂಗೋಲಿ, ಮೂವತ್ತು ಅಡಿ ರಸ್ತೆಯಲ್ಲಿ ಎಮ್ಮೆ, ತಿಪ್ಪೆ. ನಕಾಶೆ ಮೀರಿದವರ ಮನೆ ಜಪ್ತಿ ಎಂಬುದು ಕರಾರು. ಹೋಗಿ ನೋಡಿ ವರದಿ ಬರೆಯಲು ಸಾಹೇಬರು ಪೆನ್ಶನ್ನಿಗೆ ಎಂಟು ತಿಂಗಳಿದ್ದ ಕುಬೇರಪ್ಪನನ್ನೇ ಕಳಿಸಿದರು.

ಮೊದಲ ಮನೆ ಕೂಲಿ ಮಾಡುವ ವಿಧವೆ ದಾನವ್ವನದು. ಕುಂದರ್ರಿ ಎಂದು ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಈ ಮನೆ ಹೋದರೆ ಮತ್ತೆ ಕೆರೆಯ ತಗ್ಗಿಗೇ ಹೋಗಬೇಕೆಂಬುದು ಅವಳಿಗೆ ಗೊತ್ತಿತ್ತು. ಆದರೂ ಅಳಲಿಲ್ಲ, ಕಾಲಿಗೆ ಬೀಳಲಿಲ್ಲ.

“ಈ ನಕಾಶಿ ಬರದವ್ರು ಯಾರ್ರಿ?” ಎಂದಳು.

“ನಾನ ಬರದೇನಿ.”

“ನಿಮ್ಮ ಮನಿ ಬಾಗಲಾ ಯಾವ ಕಡೆ ಐತ್ರಿ?”

ಕುಬೇರಪ್ಪ ತಂಬಿಗೆ ಕೆಳಗಿಟ್ಟ. “ಮೂಡಲಕ್ಕ.”

ಅವಳು ತಂಬಿಗೆಗೆ ಮತ್ತಷ್ಟು ಮಜ್ಜಿಗೆ ಹೊಯ್ದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಇಷ್ಟು ವಯಸ್ಸಿನಲ್ಲಿ ಹೀಗೆ ನಾಚಿಕೆಯಾದದ್ದು ಅದೇ ಮೊದಲು. ಉಳಿದ ಹನ್ನೊಂದು ಮನೆ ಅಳೆಯುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ.

ಧಾರವಾಡಕ್ಕೆ ಬಂದು ಎರಡು ಸಾಲು ಬರೆದುಕೊಟ್ಟ. ಟ್ರೇಸಿಂಗ್ ಬಟ್ಟೆಯನ್ನು ತಾನು ತಿರುವುಮುರುವಾಗಿ ಹಾಸಿದ್ದರಿಂದ ಉತ್ತರದ ಬಾಗಿಲುಗಳು ದಕ್ಷಿಣಕ್ಕೆ ಬಿದ್ದವು. ಜನ ಅದನ್ನು ಸರಿ ಮಾಡಿಕೊಂಡಿದ್ದಾರೆ, ಅವರದೇನೂ ತಪ್ಪಿಲ್ಲ.

ಇದು ಹಸಿ ಸುಳ್ಳೆಂದು ಸಾಹೇಬರಿಗೆ ಗೊತ್ತಿತ್ತು. ಮೂಲ ನಕಾಶೆ ಅವರ ಮೇಜಿನ ಮೇಲೇ ಇತ್ತು. ಆದರೆ ವಿಲಾಯತಿ ನಕಾಶೆ ಸೋತಿತೆಂದು ಮುಂಬೈಗೆ ಬರೆಯುವುದಕ್ಕಿಂತ, ಮುದುಕನೊಬ್ಬನ ಕಣ್ಣು ಮಂದವಾಯಿತೆಂದು ಬರೆಯುವುದು ಸುಲಭ. ಅವರು ಆ ಮೂಲ ನಕಾಶೆಯನ್ನು ಮಡಚಿ ಕಪಾಟಿನಲ್ಲಿಟ್ಟರು. ಜಪ್ತಿ ನಿಂತಿತು. ಕುಬೇರಪ್ಪನ ನೌಕರಿ ಹೋಯಿತು, ಪೆನ್ಶನ್ನೂ ಅದರ ಹಿಂದೆಯೇ ಹೋಯಿತು.

ಮರುವರ್ಷ ಸವಣೂರಿನ ಹೊಸ ಓಣಿಗೆ ಉತ್ತರ ಬಾಗಿಲಿನ ನಕಾಶೆ ಹೊರಟಿತು, ಕೆಳಗೆ ಸಾಹೇಬರ ಸಹಿ. ಬಿಸಿಲ ನಾಡಿಗೆ ಒಗ್ಗುವ ಮಾದರಿ ಎಂದು ಮುಂಬೈಯವರು ಅದರ ಪ್ರತಿಯನ್ನು ವಿಲಾಯತಿಗೂ ಕಳಿಸಿದರಂತೆ. ಸುದ್ದಿ ಕೇಳಿ ಕುಬೇರಪ್ಪ ನಕ್ಕ. ಮೂವತ್ತು ವರ್ಷದಲ್ಲಿ ಅವನ ಹೆಸರಿಗೆ ದಾಖಲಾದ ತಪ್ಪು ಅದೊಂದೇ, ಅದನ್ನು ಅವನು ಮಾಡಿರಲಿಲ್ಲ. ತಿಳಿದೂ ಬಾಯಿ ಮುಚ್ಚಿಕೊಂಡದ್ದು ಯಾವ ಕಾಗದದಲ್ಲೂ ಬರಲಿಲ್ಲ.